ಕೂಲಿ ಬೇರೆ, ದಾನ ಬೇರೆ: ಪ್ಯಾಲೆಸ್ಟೀನ್ ಕಸೂತಿ ಪರ್ಸಿನ ಒಂದು ಪ್ರಕರಣ ಅಧ್ಯಯನ

ಸಹಾಯಾರ್ಥ ಮಾರುವ ಕೈಕೆಲಸದ ವಸ್ತುಗಳಲ್ಲಿ ಡಿಸೈನ್ ಎಲ್ಲಿ ಕೈ ಕೊಡುತ್ತೆ, ಎಲ್ಲಿ ಕೈ ಹಿಡಿಯುತ್ತೆ ಅನ್ನೋದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡ್‌ನ ಒಂದು ಸಣ್ಣ ಸೇವಾ ಸಂಸ್ಥೆ, ಜೋರ್ಡಾನ್‌ನ ಒಂದು ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರದಲ್ಲಿ ಕಸೂತಿ ಹಾಕುವ ಹೆಂಗಸರ ಗುಂಪು, ಅಮ್ಮಾನ್‌ನಲ್ಲಿ ಪರ್ಸು ಹೊಲಿಯುವ ಒಂದು ವರ್ಕ್‌ಶಾಪ್. ಈ ಮೂರರ ನಡುವೆ 2024 ಮತ್ತು 2025ರಲ್ಲಿ ನಡೆದದ್ದು ಇದು. ನಾನು ಸ್ಯಾಂಪಲ್ ಮತ್ತು ಬೆಲೆಯ ಲೆಕ್ಕಕ್ಕೆ ಹೊರಗಿನಿಂದ ಸೇರಿಕೊಂಡವಳು. ಸಂಸ್ಥೆಯ ಹೆಸರು, ಶಿಬಿರದ ಹೆಸರು, ಹೆಂಗಸರ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಯಾರು ಏನು ನಿರ್ಧಾರ ಮಾಡಿದರು, ಯಾಕೆ ಮಾಡಿದರು ಅನ್ನೋದನ್ನು ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಈ ಹೆಂಗಸರ ಕುಟುಂಬಗಳು ಮೂಲದಲ್ಲಿ ಬೀರ್ ಅಲ್ ಸಬಾ (ಈಗ ಇಸ್ರೇಲ್‌ನಲ್ಲಿರುವ ಬೀರ್‌ಶೆಬಾ) ಸುತ್ತಮುತ್ತಲಿನವು. 1948ರಲ್ಲಿ ಊರು ಬಿಟ್ಟು ಗಾಜಾಕ್ಕೆ ಬಂದರು. 1967ರ ಯುದ್ಧದಲ್ಲಿ ಅಲ್ಲಿಂದಲೂ ಹೊರಟು ಜೋರ್ಡಾನ್ ಸೇರಿದರು. ಹೀಗೆ ಗಾಜಾ ಕಡೆಯಿಂದ ಬಂದವರಲ್ಲಿ ಹೆಚ್ಚಿನವರಿಗೆ ಇವತ್ತಿಗೂ ಜೋರ್ಡಾನ್ ಪೌರತ್ವ ಇಲ್ಲ. ಸರ್ಕಾರಿ ಕೆಲಸ ಸಿಗುವುದಿಲ್ಲ, ಎಷ್ಟೋ ವೃತ್ತಿಗಳಿಗೆ ಕಾಲಿಡುವ ಹಾಗೂ ಇಲ್ಲ. ಮನೆಯಲ್ಲೇ ಕೂತು, ಮಕ್ಕಳನ್ನು ನೋಡಿಕೊಳ್ಳುತ್ತಾ ಮಾಡಬಹುದಾದ ಕಸೂತಿ ಅವರಿಗೆ ಬರೀ ಹವ್ಯಾಸ ಆಗಿ ಉಳಿಯುವುದು ಸಾಧ್ಯವೇ ಇರಲಿಲ್ಲ.

ಈ ಕಸೂತಿಗೆ ತತ್ರೀಜ್ ಅನ್ನುತ್ತಾರೆ. ಥೋಬ್ ಅನ್ನೋ ಉದ್ದ ನಿಲುವಂಗಿಯ ಎದೆ, ತೋಳು, ಕೆಳ ಅಂಚಿನ ಮೇಲೆ ಹಾಕುವ ಕೆಲಸ. ಒಂದೊಂದು ಸೀಮೆಗೆ ಒಂದೊಂದು ರೀತಿ. ರಾಮಲ್ಲಾದ್ದು ಬಿಳಿ ನಾರುಬಟ್ಟೆಯ ಮೇಲೆ ಕೆಂಪು, ಅದರಲ್ಲಿ ಎತ್ತರದ ಖರ್ಜೂರದ ಮರ. ಹೆಬ್ರಾನ್ ಕಡೆ ಪಾಶಾನ ಡೇರೆ ಅನ್ನೋ ಚಿತ್ತಾರ. ಬೆತ್ಲೆಹೆಮ್‌ನಲ್ಲಿ ಜರಿ ಹುರಿಯನ್ನು ಬಟ್ಟೆಯ ಮೇಲೆ ಬಳಸಿಟ್ಟು ಹೊಲಿಯುತ್ತಾರೆ. ಹಿಂದೆಲ್ಲ ಸಂತೆಯಲ್ಲಿ ನಿಂತ ಹೆಂಗಸಿನ ಉಡುಪು ನೋಡಿ ಅವಳ ಊರಿನ ಕಡೆ ಹೇಳಬಹುದಿತ್ತು. 1987ರಲ್ಲಿ ಶುರುವಾದ ಮೊದಲ ಇಂತಿಫಾದಾದಲ್ಲಿ, ಅಂದರೆ ಇಸ್ರೇಲಿ ಆಡಳಿತದ ವಿರುದ್ಧ ಜನ ಎದ್ದಾಗ, ಪ್ಯಾಲೆಸ್ಟೀನ್ ಬಾವುಟ ಹಿಡಿದರೆ ಬಂಧನ. ಆಗ ಹೆಂಗಸರು ಅದೇ ಬಾವುಟವನ್ನು, ದೇಶದ ನಕ್ಷೆಯನ್ನು ಥೋಬ್ ಮೇಲೆ ಹೊಲಿದುಕೊಂಡರು. 2021ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡದ ಓದುಗರಿಗೆ ಇದರ ತಾಂತ್ರಿಕತೆ ಅಷ್ಟೇನೂ ದೂರದ್ದಲ್ಲ. ನಮ್ಮ ಧಾರವಾಡದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ ಜೊತೆ ಮೆಂತಿ ಅಂತ ಒಂದು ಹೊಲಿಗೆ ಇದೆ ಅಲ್ವಾ, ಆ ಮೆಂತಿ ಕೂಡ ಕ್ರಾಸ್ ಸ್ಟಿಚ್ಚೇ. ತತ್ರೀಜ್‌ನ ಬಹುಪಾಲು ಅದೇ ಹೊಲಿಗೆ. ಎರಡರಲ್ಲೂ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಹೋಗುತ್ತಾರೆ. ಎಣಿಕೆ ತಪ್ಪಿದರೆ ಬಿಚ್ಚಬೇಕು. ಇದು ಗೊತ್ತಿದ್ದರೆ ಮುಂದಿನ ಲೆಕ್ಕ ಸುಲಭವಾಗಿ ಅರ್ಥ ಆಗುತ್ತದೆ.

ಮೊದಲ ಸಾಲು

ಗಾಜಾದಲ್ಲಿ 2023ರ ಯುದ್ಧ ಶುರುವಾಗಿ ಕೆಲವು ತಿಂಗಳಾಗಿತ್ತು. ಗಾಜಾದ ಗಾಯಾಳುಗಳ ಚಿಕಿತ್ಸೆಗೆ ಹಣ ಕೂಡಿಸಬೇಕು, ಜೊತೆಗೆ ಶಿಬಿರದ ಹೆಂಗಸರಿಗೂ ಕೆಲಸ ಆಗಬೇಕು ಅಂತ ಸಂಸ್ಥೆಯವರು ಹೊರಟರು. ಉದ್ದೇಶದಲ್ಲಿ ಕುಂದಿರಲಿಲ್ಲ. ಇಡೀ ಮುಂಭಾಗ ಕಸೂತಿ ತುಂಬಿದ ಕ್ಲಚ್ ಪರ್ಸು, ಪಾರ್ಟಿಗೆ ಹಿಡಿದುಕೊಂಡು ಹೋಗುವಂಥದ್ದು, 60 ಮಾಡಿಸಿದರು. ಮಾರಾಟಕ್ಕೆ ತಂದ ಮಾಲಿನ ಮೊದಲ ಸಾಲು ಇದು. ಡಿಸೈನ್ ಇಂಗ್ಲೆಂಡ್‌ನಲ್ಲೇ ಕಂಪ್ಯೂಟರ್ ಮೇಲೆ ತಯಾರಾಗಿ, ಚೌಕಳಿ ಚಾರ್ಟ್ ಆಗಿ ಶಿಬಿರಕ್ಕೆ ಹೋಯಿತು. ರಾಮಲ್ಲಾದ ಖರ್ಜೂರ, ಹೆಬ್ರಾನ್‌ನ ಡೇರೆ, ಗಾಜಾ ಕಡೆಯ ತ್ರಿಕೋನದ ತಾಯಿತ, ಮೂರನ್ನೂ ಒಂದೇ ಚೌಕದಲ್ಲಿ ಕೂರಿಸಿದ್ದರು. ಕೆಂಪು ಜಾಸ್ತಿ ಆಯ್ತು ಅಂತ ತಿಳಿ ನೀಲಿ ಮತ್ತು ಗುಲಾಬಿಗೆ ಬದಲಾಯಿಸಿದ್ದರು. ಬೆಲೆ 95 ಪೌಂಡ್. ಟ್ಯಾಗ್ ಮೇಲೆ ‘ನಿರಾಶ್ರಿತ ಮಹಿಳೆಯರ ಕೈಕೆಲಸ, ಲಾಭದ ನೂರಕ್ಕೆ ನೂರು ಗಾಜಾಕ್ಕೆ’ ಅಂತ ಅಚ್ಚಾಯಿತು.

ನಿಧಿ ಸಂಗ್ರಹದ ಒಂದು ಸಂಜೆ ಅರ್ಧಕ್ಕಿಂತ ಹೆಚ್ಚು ಕ್ಲಚ್ ಮಾರಾಟವಾದವು. ಎಲ್ಲರಿಗೂ ಸಂತೋಷ. ಆಮೇಲೆ ಅಂಗಡಿಗೆ ಇಟ್ಟ ಮಾಲು ಅಲ್ಲಾಡಲಿಲ್ಲ. ಆ ಸಂಜೆ ಕೊಂಡವರು ಇನ್ನೊಂದು ಕೊಳ್ಳಲು ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಕ್ಲಚ್ ದಿನಬಳಕೆಗೆ ಆಗುವಂಥದ್ದಾಗಿರಲಿಲ್ಲ. ತಿಳಿ ಬಣ್ಣ ಬೇಗ ಕೊಳೆಯಾಗುತ್ತಿತ್ತು. ಜನ ದುಡ್ಡು ಕೊಟ್ಟದ್ದು ಮರುಕಕ್ಕೆ. ಆ ಮರುಕವನ್ನು ಒಮ್ಮೆ ತೋರಿಸಿಯಾಗಿತ್ತು.

ಶಿಬಿರದ ಕಡೆ ಪರಿಸ್ಥಿತಿ ಇನ್ನೂ ಕೆಟ್ಟದಿತ್ತು. ಒಂದು ಕ್ಲಚ್‌ಗೆ 20 ದಿನಾರ್ ಅಂತ ಮಾತಾಗಿತ್ತು, ಅದೂ ಮಾರಾಟ ಆದ ಮೇಲೆ. ಮಾರಾಟ ಆಗದ ಕ್ಲಚ್‌ನವರಿಗೆ ದುಡ್ಡು ಬಂದಿರಲಿಲ್ಲ. ಇಪ್ಪತ್ತರ ಆಸುಪಾಸು ಇದ್ದ ಹೆಂಗಸರಲ್ಲಿ ಅರ್ಧದಷ್ಟು ಜನ ಸೂಜಿ ಕೆಳಗಿಟ್ಟರು.

ಹೊಲಿಗೆ ಎಣಿಸಿದಾಗ

ನಾನು ಸೇರಿಕೊಂಡಾಗ ಸಂಸ್ಥೆಯವರು ಕೇಳಿದ್ದು ‘ಮಾರ್ಕೆಟಿಂಗ್ ಹೇಗೆ ಸರಿ ಮಾಡೋದು’ ಅಂತ. ಮೊದಲು ಹೊಲಿಗೆ ಎಣಿಸೋಣ ಅಂದೆ. ಅಂಗುಲಕ್ಕೆ 14 ಹೊಲಿಗೆ ಬರುವ ಬಟ್ಟೆ. ಒಂದು ಚದರ ಅಂಗುಲದಲ್ಲಿ 196. ಕ್ಲಚ್‌ನ ಮುಖ 9 ಅಂಗುಲ ಉದ್ದ, 5 ಅಂಗುಲ ಅಗಲ, ಅಂದರೆ 45 ಚದರ ಅಂಗುಲ. ಒಟ್ಟು 8,820 ಹೊಲಿಗೆ. ಈ ಗುಂಪಿನಲ್ಲಿ ಕೈ ಪಳಗಿದವರು ಗಂಟೆಗೆ 200ರ ಹತ್ತಿರ ಹಾಕುತ್ತಿದ್ದರು. ಅಂದರೆ ಒಂದು ಕ್ಲಚ್‌ಗೆ 44 ಗಂಟೆ. 20 ದಿನಾರನ್ನು 44 ಗಂಟೆಗೆ ಭಾಗಿಸಿದರೆ ಗಂಟೆಗೆ ಅರ್ಧ ದಿನಾರೂ ಇಲ್ಲ. ಜೋರ್ಡಾನ್‌ನ ಕನಿಷ್ಠ ವೇತನ ಆಗ ತಿಂಗಳಿಗೆ 260 ದಿನಾರ್, ಗಂಟೆಗೆ ಸುಮಾರು ಒಂದೂಕಾಲು ದಿನಾರ್ ಆಗುತ್ತದೆ. ಗಾಜಾಕ್ಕೆ ಸಹಾಯ ಅಂತ ಹೆಸರಿಟ್ಟ ಕೆಲಸದಲ್ಲಿ, ಗಾಜಾದಿಂದ ಬಂದವರ ಮಕ್ಕಳೇ ಕನಿಷ್ಠ ವೇತನದ ಅರ್ಧಕ್ಕಿಂತ ಕಡಿಮೆಗೆ ದುಡಿದಿದ್ದರು.

ಈ ಅಂಕಿ ಕಾಗದದ ಮೇಲೆ ಬಂದಾಗ ಸಭೆಯಲ್ಲಿ ಯಾರೂ ವಾದ ಮಾಡಲಿಲ್ಲ. ‘ಲಾಭದ ನೂರಕ್ಕೆ ನೂರು’ ಅನ್ನೋ ಮಾತೂ ಅಲ್ಲೇ ಮುಗಿಯಿತು. ಚರ್ಮ, ಜಿಪ್, ಸಾಗಣೆ, ಸುಂಕ, ಅಂಗಡಿಯ ಪಾಲು ಕಳೆದರೆ ಲಾಭವೇ ಉಳಿದಿರಲಿಲ್ಲ. ಏನೂ ಉಳಿಯದ ಕಡೆ ನೂರಕ್ಕೆ ನೂರು ಅಂದರೂ ಸೊನ್ನೆಯೇ. ಇಂಗ್ಲೆಂಡ್‌ನ 1992ರ ಚಾರಿಟಿ ಕಾಯ್ದೆ ಪ್ರಕಾರ, ಸೇವಾ ಸಂಸ್ಥೆಗೆ ಹಣ ಹೋಗುತ್ತದೆ ಅಂತ ಹೇಳಿ ಮಾಲು ಮಾರುವ ವ್ಯಾಪಾರಿ, ಎಷ್ಟು ಹೋಗುತ್ತದೆ ಅನ್ನೋದನ್ನೂ ಕೊಳ್ಳುವವರಿಗೆ ತಿಳಿಸಬೇಕು. ಸಂಸ್ಥೆಯ ಖಜಾಂಚಿ ಇದನ್ನು ನೆನಪಿಸಿದ ಮೇಲೆ ಒಂದು ನಿರ್ಧಾರ ಆಯಿತು. ಕೂಲಿ ಬೇರೆ, ದಾನ ಬೇರೆ. ಕೂಲಿ ಮಾರಾಟಕ್ಕೆ ಕಾಯುವ ಹಾಗಿಲ್ಲ. ದಾನ ಒಂದು ವಸ್ತುವಿಗೆ ಇಷ್ಟು ಅಂತ ಗೊತ್ತುಮಾಡಿದ ಮೊತ್ತ. ನನ್ನ ಕಣ್ಣಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದು. ಇದಾದ ಮೇಲೆ ಡಿಸೈನ್ ಅನ್ನು ಗಂಟೆಯ ಅಳತೆಯೊಳಗೆ ಯೋಚಿಸುವುದು ಅನಿವಾರ್ಯವಾಯಿತು.

ಅಡ್ಡದಾರಿಗಳು

ಗಂಟೆ ಉಳಿಸೋಕೆ ಸುಲಭದ ದಾರಿಗಳು ಮೊದಲು ಬಂದವು. ಕಸೂತಿಯ ಫೋಟೊವನ್ನು ರೇಷ್ಮೆ ಸ್ಕಾರ್ಫ್ ಮೇಲೆ ಪ್ರಿಂಟ್ ಹಾಕೋಣ ಅಂದರು ಒಬ್ಬರು. ಸ್ಯಾಂಪಲ್ ಬಂತು, ನೋಡೋಕೆ ಚೆನ್ನಾಗೇ ಇತ್ತು. ಶಿಬಿರದಲ್ಲಿ ಅದನ್ನು ಕೈಗೆತ್ತಿಕೊಂಡ ಒಬ್ಬ ತಾಯಿ, ‘ಇದರಲ್ಲಿ ನಮ್ಮ ಕೆಲಸ ಎಲ್ಲಿ?’ ಅಂತ ಕೇಳಿದರು. ಪ್ರಿಂಟನ್ನು ಕೊನೆಗೆ ಸುತ್ತುವ ಕಾಗದಕ್ಕೆ ಮಾತ್ರ ಉಳಿಸಿಕೊಂಡರು. ಇಳಕಲ್ ಸೀರೆ ಮೇಲೆ ಕಸೂತಿ ಪ್ರಿಂಟ್ ಹಾಕಿ ಮಾರುವುದನ್ನು ನೋಡಿದವಳಾದ್ದರಿಂದ ಆ ಪ್ರಶ್ನೆಯ ಭಾರ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಸಲಹೆ ದಾನಿಯೊಬ್ಬರಿಂದ ಬಂತು. ತಮ್ಮ ಹತ್ತಿರ ಹಳೆಯ ಥೋಬ್‌ಗಳಿವೆ, ಅವನ್ನು ಕತ್ತರಿಸಿ ಪರ್ಸು ಮಾಡಿ ಅಂದರು. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ವಿಂಟೇಜ್ ಅಂತ ಒಳ್ಳೆ ಬೆಲೆಯೂ ಸಿಗುತ್ತದೆ. ಗುಂಪಿನ ಹಿರಿಯ ಹೆಂಗಸೊಬ್ಬರನ್ನು ಎಲ್ಲರೂ ಖಾಲ್ತಿ ಅಂತ ಕರೆಯುತ್ತಿದ್ದರು, ನಾವು ಚಿಕ್ಕಮ್ಮ ಅನ್ನೋ ಹಾಗೆ. ದಾನಿ ಕಳಿಸಿದ ಒಂದು ಥೋಬಿನ ಎದೆಯ ಪಟ್ಟಿಯನ್ನು ಖಾಲ್ತಿ ಮೊಣಕಾಲ ಮೇಲೆ ಹರಡಿಕೊಂಡು, ತಿರುಗಿಸಿ, ಹಿಂಭಾಗವನ್ನು ಬೆರಳಿನಿಂದ ಸವರಿದರು. ಒಂದು ಮೂಲೆಯಲ್ಲಿ ದಾರದ ಬಣ್ಣ ಬೇರೆ ಇತ್ತು. ಹೊಲಿಯುತ್ತಿದ್ದಾಗ ದಾರ ಮುಗಿದು, ಅದೇ ಬಣ್ಣ ಸಿಗದೆ, ಹತ್ತಿರದ ಬಣ್ಣ ಹಾಕಿದ್ದಾಳೆ ಅಂದರು. ಮಾಡಿದವಳು ಯಾರೋ, ಅವಳ ಆ ಮೂಲೆ ಮಾತ್ರ ಅವರಿಗೆ ಅರ್ಧ ಗಂಟೆ ಮಾತಿಗಾಯಿತು. ಕತ್ತರಿಸುವ ಮಾತನ್ನು ಅವರು ಸುಮ್ನೆ ಪಕ್ಕಕ್ಕಿಟ್ಟರು. ಥೋಬ್‌ಗಳು ದಾನಿಗೆ ವಾಪಸ್ ಹೋದವು. ಅದಕ್ಕೂ ಮುಂಚೆ ಹೆಂಗಸರು ಅವುಗಳ ಚಿತ್ತಾರವನ್ನೆಲ್ಲ ಚೌಕಳಿ ಪುಸ್ತಕದಲ್ಲಿ ಎಣಿಸಿ ಬರೆದುಕೊಂಡರು. ಆ ಪುಸ್ತಕವೇ ಮುಂದೆ ಡಿಸೈನ್‌ಗಳ ಮೂಲ ಆಯಿತು.

ಒಳಗಿನ ಲೈನಿಂಗ್ ವಿಷಯದಲ್ಲಿ ಬೇರೆ ಥರದ ಕಷ್ಟ. ಕೆಫಿಯಾ, ಅಂದರೆ ಪ್ಯಾಲೆಸ್ಟೀನ್‌ನವರು ತಲೆಗೆ ಸುತ್ತುವ ಚಿತ್ತಾರದ ವಸ್ತ್ರದ ಬಟ್ಟೆ ಹಾಕೋಣ ಅನ್ನೋದರಲ್ಲಿ ಎಲ್ಲರಿಗೂ ಒಮ್ಮತ ಇತ್ತು. ಮಾರುಕಟ್ಟೆಯಲ್ಲಿ ಸಿಗುವ ಕೆಫಿಯಾದಲ್ಲಿ ಬಹಳಷ್ಟು ಚೀನಾದಿಂದ ಬಂದದ್ದು, ತುಂಬಾ ಅಗ್ಗ. ಹೆಬ್ರಾನ್‌ನಲ್ಲಿ 1961ರಿಂದ ನಡೆಯುತ್ತಿರುವ ಹಿರ್ಬಾವಿ ಕಾರ್ಖಾನೆಯಲ್ಲಿ ಜಪಾನಿನ ಹಳೆ ಸುಜುಕಿ ಮಗ್ಗಗಳ ಮೇಲೆ ನೇಯುತ್ತಾರೆ. 1990ರ ದಶಕದಲ್ಲಿ ಹೊರಗಿನ ಅಗ್ಗದ ಮಾಲು ನುಗ್ಗಿದಾಗ ಅಲ್ಲಿ ಬಹಳಷ್ಟು ಮಗ್ಗ ನಿಂತಿದ್ದವು. ಪ್ಯಾಲೆಸ್ಟೀನ್ ಹೆಸರಲ್ಲಿ ಮಾರುವ ಪರ್ಸಿನೊಳಗೆ ಬೇರೆ ಕಡೆಯ ನಕಲು ಬಟ್ಟೆ ಹಾಕೋದು ಬೇಡ ಅಂತ ತೀರ್ಮಾನ ಆಯಿತು. ತೀರ್ಮಾನ ಮಾಡುವುದು ಸುಲಭ, ಬಟ್ಟೆ ತರಿಸುವುದು ಕಷ್ಟ. ವೆಸ್ಟ್ ಬ್ಯಾಂಕ್‌ನಿಂದ ಜೋರ್ಡಾನ್‌ಗೆ ಸರಕು ಬರುವುದು ನದಿಯ ಮೇಲಿನ ಅಲೆನ್‌ಬಿ ಸೇತುವೆ ದಾಟಿ. 2024ರ ಸೆಪ್ಟೆಂಬರ್‌ನಲ್ಲಿ ಗುಂಡಿನ ದಾಳಿಯ ನಂತರ ಸೇತುವೆ ಮುಚ್ಚಿದಾಗ ಬಟ್ಟೆ ಆ ಕಡೆಯೇ ಉಳಿಯಿತು. ವರ್ಕ್‌ಶಾಪ್‌ನವರು ‘ಇಲ್ಲಿನ ಅಂಗಡಿಯದ್ದೇ ಹಾಕಿಬಿಡೋಣ, ಒಳಗೆ ಯಾರು ನೋಡ್ತಾರೆ’ ಅಂದರು. ಸಂಸ್ಥೆ ಒಪ್ಪಲಿಲ್ಲ. ಮೊದಲ ಕಂತಿಗೆ ಸಾದಾ ಕಪ್ಪು ಕಾಟನ್ ಲೈನಿಂಗ್ ಹಾಕಿ, ಹೆಬ್ರಾನ್ ಬಟ್ಟೆ ಬಂದ ಮೇಲೆ ಮಾತ್ರ ಕೆಫಿಯಾ ಅಂತ ಟ್ಯಾಗ್‌ನಲ್ಲಿ ಬರೆದರು. ಇದು ಸರಿಯಾದ ನಿಲುವು ಅಂತ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ನೀಲಿ

ಎರಡನೇ ತಿರುವು ಬಣ್ಣದಿಂದ ಬಂತು. ಹೊಸ ಸ್ಯಾಂಪಲ್‌ಗೆ ಯಾವ ಬಣ್ಣ ಅಂತ ಕೇಳಲು ಹಳೆ ಕ್ಲಚ್ ಒಂದನ್ನು ಮುಂದಿಟ್ಟಾಗ, ಖಾಲ್ತಿ ಆ ತಿಳಿ ನೀಲಿಯ ಬಗ್ಗೆ ಮೊದಲ ಸಲ ಬಾಯಿ ಬಿಟ್ಟರು. ಬೀರ್ ಅಲ್ ಸಬಾ ಕಡೆಯ ಬೆದುಯಿನ್ (ಮರುಭೂಮಿಯ ಅಲೆಮಾರಿ ಅರಬ್) ಹೆಂಗಸರಲ್ಲಿ ಕೆಂಪು ಕಸೂತಿ ಮದುವೆಯಾದವರದ್ದು. ನೀಲಿ ಮದುವೆಯಾಗದ ಹುಡುಗಿಯರದ್ದು, ಗಂಡ ಸತ್ತವರದ್ದು. ಗಾಜಾದಿಂದ ದಿನಾ ಸಾವಿನ ಸುದ್ದಿ ಬರುತ್ತಿದ್ದ ತಿಂಗಳುಗಳಲ್ಲಿ ಈ ಹೆಂಗಸರು ಮೇಲಿಂದ ಮೇಲೆ ನೀಲಿ ಹೊಲಿದಿದ್ದರು. ಅವರಲ್ಲಿ ಕೆಲವರ ರಕ್ತಸಂಬಂಧಿಗಳು ಅಲ್ಲೇ ಇದ್ದರು. ‘ಮೊದಲೇ ಯಾಕೆ ಹೇಳಲಿಲ್ಲ ಖಾಲ್ತಿ?’ ಅಂತ ಸಂಸ್ಥೆಯ ಹುಡುಗಿ ಕೇಳಿದಳು. ‘ನೀವು ಕೇಳಲಿಲ್ಲ ಮಗಳೇ, ಚಾರ್ಟ್ ಕಳಿಸಿದಿರಿ’ ಅಂದರು ಅವರು.

ಅಲ್ಲಿಂದ ಕೆಲಸದ ಕ್ರಮವೇ ಬದಲಾಯಿತು. ಇಂಗ್ಲೆಂಡ್‌ನಿಂದ ಹೋಗುವುದು ವಸ್ತುವಿನ ಅಳತೆ, ಗಂಟೆಯ ಮಿತಿ, ಬೆಲೆಯ ಮಿತಿ ಮಾತ್ರ. ಚಿತ್ತಾರ ಮತ್ತು ಬಣ್ಣ ಶಿಬಿರದಲ್ಲೇ ಗೊತ್ತಾಗಬೇಕು. ಹೆಂಗಸರು ಆರಿಸಿಕೊಂಡದ್ದು ಕಡುಗೆಂಪು, ಡಿಎಂಸಿ ಅನ್ನೋ ಫ್ರೆಂಚ್ ಕಂಪನಿಯ 815 ನಂಬರಿನ ದಾರ, ಕಪ್ಪು ಬಟ್ಟೆಯ ಮೇಲೆ. ಹಾಗಂತ ನೀಲಿಯನ್ನು ಅವರು ಕೈಬಿಡಲಿಲ್ಲ. ಹಳೆ ವಾಡಿಕೆಯಲ್ಲಿ ವಿಧವೆ ಮತ್ತೆ ಮದುವೆಗೆ ಮನಸ್ಸು ಮಾಡಿದರೆ ನೀಲಿ ಉಡುಪಿನಲ್ಲಿ ಒಂದಿಷ್ಟು ಕೆಂಪು ಸೇರಿಸುತ್ತಿದ್ದಳಂತೆ. ಅದೇ ರೀತಿ ನೀಲಿ ಮೈ, ಒಂದು ಅಂಚಿಗೆ ಕೆಂಪು ಇರುವ ಕಾರ್ಡ್ ಹೋಲ್ಡರ್ ಒಂದನ್ನು ಅವರು ಕೇಳದೆಯೇ ಮಾಡಿ ಕಳಿಸಿದರು. ಹೊರಗಿನವರ ಚಾರ್ಟ್ ಇಲ್ಲದೆ ಈ ಗುಂಪಿನಿಂದ ಬಂದ ಮೊದಲ ಡಿಸೈನ್ ಅದು.

ಗುಲಾಬಿ ಹೂವಿನ ಬಗ್ಗೆಯೂ ಒಂದು ಜಗಳ ಆಯಿತು, ಅದನ್ನು ಬಿಡುವ ಹಾಗಿಲ್ಲ. ಸಂಸ್ಥೆಯ ಒಬ್ಬರು ಹೂವಿನ ಬಳ್ಳಿಯ ಚಿತ್ತಾರ ಅಸಲಿ ಅಲ್ಲ, ಯುರೋಪಿನಿಂದ ಬಂದದ್ದು, ಜ್ಯಾಮಿತಿಯ ಚಿತ್ತಾರಗಳಷ್ಟೇ ಇರಲಿ ಅಂತ ಪಟ್ಟು ಹಿಡಿದರು. ಅವರು ಹೇಳಿದ್ದರಲ್ಲಿ ಇತಿಹಾಸ ಸರಿ ಇತ್ತು. ಬ್ರಿಟಿಷ್ ಆಡಳಿತದ ಕಾಲದಲ್ಲಿ ಡಿಎಂಸಿ ದಾರದ ಜೊತೆ ಬಂದ ಮಾದರಿ ಪುಸ್ತಕಗಳಿಂದ ಗುಲಾಬಿ, ಹಕ್ಕಿಗಳು ಪ್ಯಾಲೆಸ್ಟೀನ್ ಹಳ್ಳಿಗಳಿಗೆ ಹಬ್ಬಿದವು. ‘ನನ್ನ ತಾಯಿ ಮದುವೆಗೆ ಉಟ್ಟದ್ದು ಇದೇ ಗುಲಾಬಿ’ ಅಂದರು ಇನ್ನೊಬ್ಬ ಹೆಂಗಸು. ಒಂದು ತಾಯಿಯ ಮದುವೆ ಉಡುಪನ್ನು ಪರಂಪರೆಯಿಂದ ಹೊರಗಿಡೋಕೆ ನಾವು ಯಾರು? ಗುಲಾಬಿ ಉಳಿಯಿತು.

ಎರಡನೇ ಸಾಲು

ದಿನಬಳಕೆಯ ಸ್ಲಿಂಗ್ ಪರ್ಸ್ ಆಯ್ಕೆ ಆಯಿತು. ಫೋನ್, ಕೀ, ಕನ್ನಡಕ ಹಿಡಿಸಬೇಕು, ಕೊಳೆ ಕಾಣಬಾರದು. ಕಸೂತಿ ಇಡೀ ಮುಖದ ಮೇಲಿಲ್ಲ, 1 ಅಂಗುಲ ಅಗಲ, 5 ಅಂಗುಲ ಉದ್ದದ ಒಂದು ಪಟ್ಟಿ ಮಾತ್ರ. 980 ಹೊಲಿಗೆ, ಸುಮಾರು 5 ಗಂಟೆ. ಉದ್ದ ಪಟ್ಟಿಗೆ ಸೈಪ್ರೆಸ್ ಮರದ ಸಾಲು ತಾನಾಗೇ ಕೂತಿತು. ತ್ರಿಕೋನದ ತಾಯಿತ ಕೂಡ.

ಈ ಪಟ್ಟಿ ಹೇಗೆ ತಯಾರಾಗುತ್ತದೆ ಅಂತ ಹತ್ತಿರದಿಂದ ನೋಡಿದರೆ 5 ಗಂಟೆ ಎಲ್ಲಿ ಹೋಗುತ್ತದೆ ಗೊತ್ತಾಗುತ್ತದೆ. ಕಪ್ಪು ಬಟ್ಟೆಯ ಎಳೆ ಎಣಿಸಲು ಆಗದಷ್ಟು ಸಣ್ಣದು. ಅದಕ್ಕೆ ಮೇಲೆ ಅಗಲ ಕಣ್ಣಿನ ಬಲೆಬಟ್ಟೆಯ ತುಂಡೊಂದನ್ನು ದೊಡ್ಡ ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ಆ ಬಲೆಯ ಕಣ್ಣು ಎಣಿಸಿಕೊಂಡು ಎರಡೂ ಬಟ್ಟೆ ಹಿಡಿದು ಹೊಲಿಯುತ್ತಾರೆ. ಕೆಲಸ ಮುಗಿದ ಮೇಲೆ ಬಲೆಯ ಎಳೆಗಳನ್ನು ಒಂದೊಂದಾಗಿ ಕಸೂತಿಯ ಕೆಳಗಿಂದ ಎಳೆದು ತೆಗೆಯುತ್ತಾರೆ. ಜೋರಾಗಿ ಎಳೆದರೆ ಹೊಲಿಗೆ ಸುಕ್ಕಾಗುತ್ತದೆ. ಮಕ್ಕಳು ಮಲಗಿದ ಮೇಲೆ ಈ ಎಳೆ ತೆಗೆಯುವ ಕೆಲಸ ಇಟ್ಟುಕೊಳ್ಳುತ್ತಿದ್ದರು. ಮೊದಲ ಸಾಲಿನಲ್ಲಿ ಈ ಸಮಯಕ್ಕೆ ಬೆಲೆಯೇ ಕಟ್ಟಿರಲಿಲ್ಲ. ಎರಡನೇ ಸಾಲಿನ 5 ಗಂಟೆಯಲ್ಲಿ ಇದನ್ನೂ ಸೇರಿಸಬೇಕು ಅಂತ ಹೆಂಗಸರು ಕೇಳಿದರು, ಸೇರಿತು. ಹೊಲಿಗೆ ಪಟ್ಟಿಯ ಎರಡೂ ತುದಿಯಲ್ಲಿ ಒಂದಿಷ್ಟು ಸಾಲು ಕಡಿಮೆ ಮಾಡಿ ಸರಿದೂಗಿಸಿದರು.

ಕೂಲಿ ಗಂಟೆಗೆ ಒಂದೂಮುಕ್ಕಾಲು ದಿನಾರ್. 2025ರ ಜನವರಿಯಿಂದ ಜೋರ್ಡಾನ್ ಕನಿಷ್ಠ ವೇತನ 290 ದಿನಾರ್ ಆಗಿದ್ದರೂ ಇದು ಅದಕ್ಕಿಂತ ಮೇಲೆಯೇ ಇತ್ತು. ಅರ್ಧ ದುಡ್ಡು ದಾರದ ಲಡಿ ಕೈಗೆ ಕೊಡುವಾಗ, ಇನ್ನರ್ಧ ಪಟ್ಟಿ ವಾಪಸ್ ಕೊಟ್ಟ ದಿನ. ಪರ್ಸಿನ ಬೆಲೆ 48 ಪೌಂಡ್. ಅದರಲ್ಲಿ ಕಸೂತಿಗೆ 10, ಪರ್ಸು ಹೊಲಿದ ವರ್ಕ್‌ಶಾಪ್‌ಗೆ 12, ಸಾಗಣೆ ಮತ್ತು ಸುಂಕಕ್ಕೆ 5, ಅಂಗಡಿಗೆ 16, ಗಾಜಾದ ಚಿಕಿತ್ಸೆಗೆ 5. ಈ ಐದೂ ಅಂಕಿಯನ್ನು ಟ್ಯಾಗ್ ಮೇಲೆ ಅಚ್ಚು ಹಾಕಿದರು. ‘ನಿರಾಶ್ರಿತ ಮಹಿಳೆಯರ’ ಅನ್ನೋ ಸಾಲು ಹೋಯಿತು. ಅದರ ಜಾಗದಲ್ಲಿ ಚಿತ್ತಾರದ ಹೆಸರು, ಅದು ಯಾವ ಸೀಮೆಯದ್ದು ಅನ್ನೋದು ಬಂತು.

ಏನಾಯಿತು

300 ಪರ್ಸುಗಳಲ್ಲಿ ಬಹುಪಾಲು ಆರು ತಿಂಗಳೊಳಗೆ ಹೋದವು. ಒಮ್ಮೆ ಕೊಂಡವರು ಅಕ್ಕನಿಗೆ, ಗೆಳತಿಗೆ ಅಂತ ಮತ್ತೆ ಬಂದರು. ಹೆಂಗಸರ ಕಡೆಯ ಲೆಕ್ಕ ಹೀಗಿದೆ. ಮೊದಲ ಸಾಲಿನಲ್ಲಿ 60 ಕ್ಲಚ್‌ಗೆ 2,640 ಗಂಟೆ ದುಡಿದು, ಎಲ್ಲಾ ಮಾರಾಟ ಆಗಿದ್ದರೂ ಸಿಗಬೇಕಿದ್ದದ್ದು 1,200 ದಿನಾರ್. ಎರಡನೇ ಸಾಲಿನಲ್ಲಿ 1,500 ಗಂಟೆಗೆ 2,625 ದಿನಾರ್, ಎಲ್ಲವೂ ಕೈಗೆ ಬಂತು. ಮೊದಲ ಸಾಲಿನ ಬಾಕಿಯನ್ನೂ ಸಂಸ್ಥೆ ತನ್ನ ಬೇರೆ ನಿಧಿಯಿಂದ ತೀರಿಸಿತು.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ನೀಲಿ ಕಾರ್ಡ್ ಹೋಲ್ಡರ್ ನಿಧಾನವಾಗಿ ಮಾರಾಟವಾಯಿತು. ಟ್ಯಾಗ್ ಓದಿದವರು ಕೊಂಡರು, ಓದದವರಿಗೆ ಅದು ಇನ್ನೊಂದು ನೀಲಿ ಹೋಲ್ಡರ್ ಅಷ್ಟೇ. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಒಂದು ವಸ್ತುವಿಗೆ 44 ಗಂಟೆ ಇದ್ದದ್ದು 5 ಆದಾಗ, ಆರ್ಡರ್ ಜಾಸ್ತಿ ಆಗದೆ ಹೋದರೆ ಎಲ್ಲರಿಗೂ ಕೆಲಸ ಸಾಲುವುದಿಲ್ಲ. ಮಾರಾಟ ಇಳಿದ ಎರಡು ತಿಂಗಳಲ್ಲಿ ಕೆಲವರ ಕೈಗೆ ವಾರಕ್ಕೆ ಒಂದೇ ಪಟ್ಟಿ ಬಂತು. ಇನ್ನೊಂದು, ಚಿಕ್ಕ ಪಟ್ಟಿಯನ್ನೇ ಹೊಲಿಯುತ್ತಾ ಹೋದರೆ ದೊಡ್ಡ ಎದೆಪಟ್ಟಿ ಹಾಕುವ ಕೈ ಮುಂದಿನ ತಲೆಮಾರಿಗೆ ಹೋಗುತ್ತದಾ ಅನ್ನೋದು ಖಾಲ್ತಿಯ ಕಳವಳ. ಅದಕ್ಕೆ ವರ್ಷಕ್ಕೆ ಒಂದಿಷ್ಟು ಪೂರ್ಣ ಪಟ್ಟಿಗಳನ್ನು ಗಂಟೆಯ ದರದಲ್ಲೇ ಮಾಡಿಸಿ, ಗೋಡೆಗೆ ಹಾಕುವ ಚೌಕಟ್ಟಾಗಿ ದೊಡ್ಡ ಬೆಲೆಗೆ ಮಾರುವ ಪ್ರಯತ್ನ ಶುರುವಾಗಿದೆ. ಎರಡು ಮಾರಾಟವಾಗಿವೆ.

ಇಂಥ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ, ಸ್ಯಾಂಪಲ್‌ಗೂ ಮೊದಲು ಹೊಲಿಗೆ ಎಣಿಸಿ ಅನ್ನುತ್ತೇನೆ. ಗಂಟೆ ತಿಳಿಯದೆ ಇಟ್ಟ ಬೆಲೆಯನ್ನು ಕೊನೆಗೆ ಸೂಜಿ ಹಿಡಿದವಳೇ ತುಂಬಿಕೊಡುತ್ತಾಳೆ. ಬಣ್ಣ, ಚಿತ್ತಾರದ ವಿಷಯ ಚಾರ್ಟ್ ಕಳಿಸುವ ಮೊದಲು ಕೇಳಿ, ಕೇಳಿದ ಮೇಲೆ ಕಾಯಿರಿ, ಮೊದಲ ದಿನವೇ ಯಾರೂ ಎಲ್ಲ ಹೇಳುವುದಿಲ್ಲ. ದಾನದ ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ಅದು ನಿಜವಾದ ಅಂಕಿಯಾಗಿರಬೇಕು. ಕೊಳ್ಳುವವರು ಇದನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ‘ನೂರಕ್ಕೆ ನೂರು’ ಇದ್ದಾಗ ಯಾರೂ ಪ್ರಶ್ನೆ ಕೇಳಿರಲಿಲ್ಲ. 5 ಪೌಂಡ್ ಅಂತ ಬರೆದ ಮೇಲೆ ಆ 5 ಎಲ್ಲಿಗೆ ಹೋಯಿತು ಅಂತ ಕೇಳಿ ಪತ್ರ ಬರೆದರು. ಸಂಸ್ಥೆಗೆ ಉತ್ತರ ಕೊಡುವ ಕೆಲಸ ಹೆಚ್ಚಾಯಿತು, ಹೆಚ್ಚಾಗಬೇಕಾದ ಕೆಲಸವೇ ಅದು.

ಈಗ ಮೂರನೇ ಸಾಲಿನ ಸ್ಯಾಂಪಲ್ ನಡೆಯುತ್ತಿದೆ. ಈ ಸಲ ದರದ ಪಟ್ಟಿಯನ್ನು ಹೆಂಗಸರೇ ಬರೆದು ಕಳಿಸಿದ್ದಾರೆ, ಗಂಟೆಗೆ 2 ದಿನಾರ್ ಕೇಳಿದ್ದಾರೆ. ಹಾಗೆ ಕೊಡಬೇಕು ಅಂದರೆ ಪರ್ಸಿನ ಬೆಲೆ 2 ಪೌಂಡ್‌ನಷ್ಟು ಏರಬೇಕು, ಇಲ್ಲ ಅಂಗಡಿಯ 16 ಪೌಂಡ್ ಇಳಿಯಬೇಕು. ಮಾತುಕತೆ ಮುಗಿದಿಲ್ಲ. ಅಂಗಡಿಯ ಪಾಲೇ ಇಳಿಯಲಿ ಅಂತ ನಾನು ಬರೆದು ಕೊಟ್ಟಿದ್ದೇನೆ.